ನಡೆಯದ ಸಭೆಯ ನಡವಳಿಗಳು

ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಸಭೆಯೆಂದರೆ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಭೆ ಒಂದು ಗಂಟೆ ನಡೆದರೆ ಅದರ ನಡವಳಿ ಬರೆಯಲು ಎರಡು ದಿನ ಹಿಡಿಯುತ್ತದೆ. ಸಭೆ ನಡೆದ ದಿನಾಂಕ, ಸ್ಥಳ, ಹಾಜರಿದ್ದವರ ಹೆಸರು, ಬಾರದವರ ಹೆಸರು, ಅಧ್ಯಕ್ಷರ ಸಹಿ, ಜಾವಕ್ ನಂಬರು, ಇವುಗಳಲ್ಲಿ ಒಂದು ತಪ್ಪಿದರೂ ಫೈಲು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಇಂಥ ಕಟ್ಟುಪಾಡಿನಲ್ಲಿ ಬೆಳೆದ ನಮಗೆ, ದಿನಾಂಕವಿಲ್ಲದ, ಸ್ಥಳವಿಲ್ಲದ, ಹಾಜರಿದ್ದವರಲ್ಲಿ ಒಬ್ಬರ ಹೆಸರೂ ಇಲ್ಲದ ಸಭೆಯೊಂದರ ನಡವಳಿ ಪುಸ್ತಕವನ್ನು ಲೋಕದ ಲಕ್ಷಾಂತರ ಜನ ಪ್ರಮಾಣವೆಂದು ನಂಬಿದರು, ಅದನ್ನು ನಂಬಿ ಕೊಲೆಗಳನ್ನೂ ಮಾಡಿದರು ಎಂದು ತಿಳಿದಾಗ ಆದ ವಿಸ್ಮಯ ಅಷ್ಟಿಷ್ಟಲ್ಲ.

ಈ ವಿಷಯಕ್ಕೆ ನಮ್ಮನ್ನು ಎಳೆದು ತಂದದ್ದು ಒಂದು ಸಣ್ಣ ಸಂಗತಿ. 2020ರ ಮಹಾಮಾರಿಯ ಕಾಲದಲ್ಲಿ ಮನೆಯಲ್ಲಿ ಕುಳಿತಿದ್ದಾಗ ಸ್ನೇಹಿತರೊಬ್ಬರು ಮೊಬೈಲಿಗೆ ಒಂದು ಸಂದೇಶ ಕಳಿಸಿದ್ದರು. ಜಗತ್ತನ್ನು ಆಳುತ್ತಿರುವುದು ನಾವು ಚುನಾಯಿಸಿದ ಸರ್ಕಾರಗಳಲ್ಲ, ಕಣ್ಣಿಗೆ ಕಾಣದ ಕೆಲವೇ ಮನೆತನಗಳು. ಯುದ್ಧ, ಬೆಲೆ ಏರಿಕೆ, ರೋಗ ಎಲ್ಲವೂ ಅವರ ರಹಸ್ಯ ಸಭೆಯಲ್ಲಿ ಮೊದಲೇ ಗೊತ್ತಾದವು ಎಂಬುದು ಅದರ ಸಾರಾಂಶ. ಕಳಿಸಿದವರು ಓದಿದವರು, ಸಜ್ಜನರು. ‘ಇದಕ್ಕೆ ಆಧಾರವೇನು ಸ್ವಾಮಿ?’ ಎಂದು ಕೇಳಿದರೆ, ‘ಆಧಾರ ಸಿಗದ ಹಾಗೆ ಮಾಡುವುದೇ ಅಲ್ಲವೇ ಅವರ ಜಾಣತನ?’ ಎಂದರು. ಈ ಉತ್ತರ ಹೊಸತಲ್ಲ. ಇನ್ನೂರು ವರ್ಷಗಳಿಗೂ ಹಿಂದಿನಿಂದ ಯುರೋಪಿನಲ್ಲಿ ಇದೇ ಉತ್ತರ ಕೊಡುತ್ತ ಬಂದಿದ್ದಾರೆ. ಅದರ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೂಲ ಎಲ್ಲಿದೆ?

ರಹಸ್ಯ ವಿಶ್ವಸರ್ಕಾರದ ಕಲ್ಪನೆ ಮೇಲುನೋಟಕ್ಕೆ ರಾಜಕೀಯದ್ದೆಂದು ತೋರಿದರೂ ಅದರ ಬೇರು ಧರ್ಮಗ್ರಂಥದಲ್ಲಿದೆ. ಬೈಬಲಿನ ಕೊನೆಯ ಭಾಗವಾದ ‘ಪ್ರಕಟನೆ’ ಗ್ರಂಥ ಕ್ರಿ.ಶ. ಮೊದಲನೆಯ ಶತಮಾನದ ಕೊನೆಯಲ್ಲಿ, ರೋಮನ್ ಸಾಮ್ರಾಜ್ಯದ ಒತ್ತಡಕ್ಕೆ ಸಿಲುಕಿದ್ದ ಕ್ರೈಸ್ತರಿಗಾಗಿ ರಚಿತವಾದದ್ದು. ಸಮುದ್ರದಿಂದೆದ್ದು ಬರುವ ಮೃಗವೊಂದಕ್ಕೆ ಎಲ್ಲ ಕುಲಗಳ, ಎಲ್ಲ ಭಾಷೆಗಳ, ಎಲ್ಲ ಜನಾಂಗಗಳ ಮೇಲೆ ಅಧಿಕಾರ ದೊರೆಯುವ ಚಿತ್ರ ಅದರ ಹದಿಮೂರನೆಯ ಅಧ್ಯಾಯದಲ್ಲಿದೆ. ಆ ಮೃಗದ ಗುರುತನ್ನು ಕೈಯ ಮೇಲೋ ಹಣೆಯ ಮೇಲೋ ಹಾಕಿಸಿಕೊಳ್ಳದವರು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಅದರ ಸಂಖ್ಯೆ 666. ‘ಕ್ರಿಸ್ತವಿರೋಧಿ’ ಎಂಬ ಮಾತು ಈ ಗ್ರಂಥದಲ್ಲಿ ಇಲ್ಲ; ಅದು ಯೋಹಾನನ ಪತ್ರಗಳಲ್ಲಿ ಬರುತ್ತದೆ. ಮುಂದಿನ ಶತಮಾನಗಳಲ್ಲಿ ಜನರು ಎರಡನ್ನೂ ಬೆಸೆದು, ಲೋಕಾಂತ್ಯಕ್ಕೆ ಮುಂಚೆ ಇಡೀ ಭೂಮಿಯನ್ನು ಮೋಸದಿಂದ ಆಳುವ ಒಬ್ಬ ದುಷ್ಟ ಚಕ್ರವರ್ತಿಯ ಚಿತ್ರವನ್ನು ಕಟ್ಟಿಕೊಂಡರು.

ಕಲಿಯುಗದ ವರ್ಣನೆ ಕೇಳಿ ಬೆಳೆದ ನಮಗೆ ಇದು ಅಪರಿಚಿತವೇನಲ್ಲ. ಆದರೆ ಒಂದು ವ್ಯತ್ಯಾಸ ಗಮನಾರ್ಹ. ಕಲಿಯುಗ ಬಂದದ್ದಕ್ಕೆ ನಾವು ನೆರೆಮನೆಯವನ ಮೇಲೆ ಹೊಣೆ ಹೊರಿಸುವುದಿಲ್ಲ, ಕಾಲಧರ್ಮವೆಂದು ಸುಮ್ಮನಾಗುತ್ತೇವೆ. ಯುರೋಪಿನಲ್ಲಿ ಹಾಗಾಗಲಿಲ್ಲ. ಆ ಮೃಗ ಯಾರು, ಅದರ ಸೇವಕರು ಯಾರು ಎಂದು ಹೆಸರು ಹಿಡಿದು ಹುಡುಕುವ ರೂಢಿ ಬೆಳೆಯಿತು. ಹದಿನಾರನೆಯ ಶತಮಾನದ ಧರ್ಮಸುಧಾರಣೆಯಲ್ಲಿ ಮಾರ್ಟಿನ್ ಲೂಥರ್ ಪೋಪರ ಪೀಠವನ್ನೇ ಕ್ರಿಸ್ತವಿರೋಧಿಯೆಂದು ಕರೆದ. ಆ ಕಡೆಯವರು ಆತನನ್ನು ಸೈತಾನನ ಶಿಷ್ಯನೆಂದರು. ಕುರ್ಚಿ ಸಿದ್ಧವಾಗಿತ್ತು, ಅದರಲ್ಲಿ ಯಾರನ್ನು ಕೂರಿಸಬೇಕೆಂಬುದಷ್ಟೇ ಆಗಾಗ ಬದಲಾಗುತ್ತಿತ್ತು.

ಅದರಲ್ಲಿ ಬಹುಕಾಲ ಕುಳಿತವರು ಜೆಸ್ಯೂಟ್ ಪಾದ್ರಿಗಳು. 1614ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ‘ರಹಸ್ಯ ಸೂಚನೆಗಳು’ ಎಂಬರ್ಥದ ಪುಸ್ತಕವೊಂದು ಹೊರಬಂತು. ಶ್ರೀಮಂತ ವಿಧವೆಯರ ಆಸ್ತಿಯನ್ನು ಹೇಗೆ ಪಡೆಯಬೇಕು, ರಾಜರ ಕಿವಿಯನ್ನು ಹೇಗೆ ಹಿಡಿಯಬೇಕು ಎಂದು ಸಂಘದ ಮುಖ್ಯಸ್ಥರು ಹಿರಿಯ ಪಾದ್ರಿಗಳಿಗೆ ಗುಟ್ಟಾಗಿ ಬರೆದುಕೊಟ್ಟ ಆದೇಶಗಳಿವು ಎಂದು ಅದು ಹೇಳಿಕೊಂಡಿತು. ಬರೆದವನು ಜಹೊರೊವ್‌ಸ್ಕಿ ಎಂಬಾತ, ಸಂಘದಿಂದ ಹೊರಹಾಕಲ್ಪಟ್ಟವನು. ಪುಸ್ತಕ ಪೂರ್ತಿ ಕಟ್ಟುಕಥೆ. ಆದರೂ ಅದು ಮುನ್ನೂರು ವರ್ಷ ಮರುಮುದ್ರಣಗೊಳ್ಳುತ್ತಲೇ ಹೋಯಿತು. ನಡೆಯದ ಸಭೆಗೆ ನಡವಳಿ ಬರೆಯುವ ವಿದ್ಯೆಗೆ ಇದನ್ನು ಒಂದು ಮೊದಲ ಪಾಠವೆನ್ನಬಹುದು.

ಐದು ಜನರ ಸಂಘ

ಜೆಸ್ಯೂಟ್ ಸಂಘವನ್ನು 1773ರಲ್ಲಿ ಪೋಪ್ ಹದಿನಾಲ್ಕನೆಯ ಕ್ಲೆಮೆಂಟ್ ರದ್ದು ಮಾಡಿದರು. ಬವೇರಿಯದ ಇಂಗೊಲ್‌ಸ್ಟಾಟ್ ವಿಶ್ವವಿದ್ಯಾಲಯದಲ್ಲಿ ಅದುವರೆಗೂ ಜೆಸ್ಯೂಟರ ಕೈಯಲ್ಲಿದ್ದ ಧರ್ಮಶಾಸನದ ಪೀಠ ಪಾದ್ರಿಯಲ್ಲದ ಒಬ್ಬ ತರುಣ ಪ್ರಾಧ್ಯಾಪಕನಿಗೆ ದೊರೆಯಿತು. ಅವನೇ ಆಡಂ ವೈಸ್‌ಹೌಪ್ಟ್. ಪುರೋಹಿತಶಾಹಿಯ ಹಿಡಿತದಿಂದ ವಿದ್ಯೆಯನ್ನು ಬಿಡಿಸಬೇಕೆಂಬ ಹಂಬಲದಿಂದ ಅವನು 1776ರ ಮೇ 1ರಂದು ಒಂದು ಗುಪ್ತಸಂಘ ಕಟ್ಟಿದ. ಆರಂಭದಲ್ಲಿದ್ದವರು ಐದೇ ಜನ. ಅದೇ ಮುಂದೆ ‘ಇಲ್ಯುಮಿನಾಟಿ’ ಎಂದು, ಅಂದರೆ ‘ಬೆಳಕು ಕಂಡವರು’ ಎಂದು ಹೆಸರಾಯಿತು. ಸದಸ್ಯರು ಪ್ರಾಚೀನ ಹೆಸರುಗಳನ್ನಿಟ್ಟುಕೊಂಡರು. ವೈಸ್‌ಹೌಪ್ಟ್ ‘ಸ್ಪಾರ್ಟಕಸ್’ ಆದ. ಫ್ರೀಮೇಸನ್ ಲಾಡ್ಜುಗಳೊಳಗೆ ಸೇರಿಕೊಂಡು ಸಂಘ ಕೆಲಕಾಲ ಬೆಳೆಯಿತು, ಒಳಜಗಳವೂ ಬೆಳೆಯಿತು. 1784 ಮತ್ತು 1785ರಲ್ಲಿ ಬವೇರಿಯದ ದೊರೆ ಕಾರ್ಲ್ ಥಿಯೊಡೋರ್ ಗುಪ್ತಸಂಘಗಳನ್ನು ನಿಷೇಧಿಸಿದ. ಪೊಲೀಸರು ಸದಸ್ಯನೊಬ್ಬನ ಮನೆ ಶೋಧಿಸಿ ಕಾಗದಪತ್ರ ಹಿಡಿದರು; ಸರ್ಕಾರವೇ ಅವನ್ನು 1787ರಲ್ಲಿ ಅಚ್ಚು ಹಾಕಿಸಿತು. ಹತ್ತು ವರ್ಷ ಬಾಳಿದ ಸಂಘದ ಕಥೆ ಅಲ್ಲಿಗೆ ಮುಗಿಯಿತು.

ಮುಗಿಯಬೇಕಾಗಿತ್ತು. ಆದರೆ 1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿ ಸಿಡಿಯಿತು. ದೇವರು ನೇಮಿಸಿದನೆಂದು ನಂಬಿದ್ದ ರಾಜನ ತಲೆ ಉರುಳಿತು, ಚರ್ಚಿನ ಆಸ್ತಿ ಹೋಯಿತು, ಪಾದ್ರಿಗಳು ದೇಶ ಬಿಟ್ಟು ಓಡಿದರು. ಸಾಲದ ಹೊರೆ, ತುಟ್ಟಿಯಾದ ರೊಟ್ಟಿ, ತೆರಿಗೆಯ ಅನ್ಯಾಯ ಮೊದಲಾದ ಕಾರಣಗಳನ್ನು ಇಂದು ಶಾಲಾ ಪುಸ್ತಕವೂ ಹೇಳುತ್ತದೆ. ಮನೆಮಠ ಕಳೆದುಕೊಂಡ ಭಕ್ತನಿಗೆ ಅಷ್ಟರಿಂದ ಸಮಾಧಾನ ಸಿಗುವುದಿಲ್ಲ. ಇಷ್ಟು ದೊಡ್ಡ ಅನರ್ಥಕ್ಕೆ ಅಷ್ಟೇ ದೊಡ್ಡ ಕೈಯೊಂದು ಇರಲೇಬೇಕೆಂದು ಅವನಿಗೆ ಅನ್ನಿಸುತ್ತದೆ. ಲಂಡನ್ನಿಗೆ ಓಡಿಬಂದಿದ್ದ ಅಬೆ ಬಾರುಯೆಲ್ ಎಂಬ ಪಾದ್ರಿ 1797ರಲ್ಲಿ ತನ್ನ ಸಂಪುಟಗಳನ್ನು ಪ್ರಕಟಿಸತೊಡಗಿದ. ದೇವಪೀಠದ ಮೇಲೆ ತತ್ತ್ವಜ್ಞಾನಿಗಳು, ಸಿಂಹಾಸನದ ಮೇಲೆ ಫ್ರೀಮೇಸನ್ನರು, ಸಮಾಜದ ಮೇಲೆಯೇ ಇಲ್ಯುಮಿನಾಟಿಗಳು ಎಂದು ಮೂರು ಪದರದ ಒಳಸಂಚೇ ಕ್ರಾಂತಿಯನ್ನು ಮಾಡಿಸಿತೆಂಬುದು ಅವನ ವಾದ. ಈ ಬಾರುಯೆಲ್ ಸ್ವತಃ ಜೆಸ್ಯೂಟ್! ಯಾವ ಸಂಘದ ಮೇಲೆ ಸುಳ್ಳು ನಡವಳಿಗಳನ್ನು ಹೊರಿಸಿದ್ದರೋ ಅದೇ ಸಂಘದವನು ಅದೇ ಆಯುಧವನ್ನು ಇನ್ನೊಬ್ಬರ ಮೇಲೆ ಎತ್ತಿದ.

ಅದೇ 1797ರಲ್ಲಿ ಎಡಿನ್‌ಬರೋದ ಪ್ರಾಧ್ಯಾಪಕ ಜಾನ್ ರಾಬಿಸನ್ ‘ಒಳಸಂಚಿಗೆ ಪುರಾವೆಗಳು’ ಎಂಬರ್ಥದ ಪುಸ್ತಕ ಬರೆದ. ಬಿ.ಎಸ್‌ಸಿ.ಯಲ್ಲಿ ಭೌತಶಾಸ್ತ್ರ ಓದಿದವರು ಕೂಲಂಬನ ನಿಯಮವನ್ನು ಮರೆತಿರಲಾರರು. ಆ ನಿಯಮ ಹೊರಬರುವುದಕ್ಕೆ ಹದಿನಾರು ವರ್ಷ ಮೊದಲೇ, 1769ರಲ್ಲಿ, ಎರಡು ಸಜಾತಿ ವಿದ್ಯುದಾವೇಶಗಳ ನಡುವಿನ ಬಲ ದೂರದ 2.06ನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆಂದು ಅಳೆದು ತೋರಿಸಿದವನು ಈ ರಾಬಿಸನ್. ಜೇಮ್ಸ್ ವ್ಯಾಟನ ಗೆಳೆಯ, ಎಡಿನ್‌ಬರೋ ರಾಯಲ್ ಸೊಸೈಟಿಯ ಪ್ರಥಮ ಪ್ರಧಾನ ಕಾರ್ಯದರ್ಶಿ. ದಶಮಾಂಶದ ಎರಡನೆಯ ಸ್ಥಾನದವರೆಗೆ ಲೆಕ್ಕ ಬರೆದಿಟ್ಟ ಈ ವಿಜ್ಞಾನಿ, ಭೀತಿಯ ವಿಷಯ ಬಂದಾಗ ಜರ್ಮನ್ ಪತ್ರಿಕೆಗಳ ಗಾಳಿಮಾತನ್ನೇ ಪುರಾವೆಯೆಂದು ಸ್ವೀಕರಿಸಿದ. ವಿದ್ಯೆಯಿದ್ದ ಮಾತ್ರಕ್ಕೆ ವಿವೇಕ ಎಲ್ಲ ಕೋಣೆಗಳಲ್ಲೂ ದೀಪ ಹಚ್ಚುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ತಂದೆ ಮತ್ತು ಮಗ

ರಾಬಿಸನ್ನನ ಪುಸ್ತಕ ಅಟ್ಲಾಂಟಿಕ್ ದಾಟಿತು. 1798ರ ಮೇ 9ರಂದು ಅಮೆರಿಕದ ಅಧ್ಯಕ್ಷ ಜಾನ್ ಆಡಮ್ಸ್ ಘೋಷಿಸಿದ್ದ ಉಪವಾಸದ ದಿನ, ಮ್ಯಾಸಚೂಸೆಟ್ಸಿನ ಚಾರ್ಲ್ಸ್‌ಟೌನ್ ಪಟ್ಟಣದ ಪಾದ್ರಿ ಜೆಡಿಡಾಯ ಮೋರ್ಸ್ ಬೋಧನಪೀಠದಿಂದ ಎಚ್ಚರಿಕೆ ಕೊಟ್ಟ: ಇಲ್ಯುಮಿನಾಟಿಗಳು ನಮ್ಮ ದೇಶಕ್ಕೂ ಬಂದಿದ್ದಾರೆ, ಧರ್ಮವನ್ನೂ ಸರ್ಕಾರವನ್ನೂ ಬುಡಮೇಲು ಮಾಡಲಿದ್ದಾರೆ. ಒಂದೆರಡು ವರ್ಷ ಗದ್ದಲವಾಯಿತು. ಸದಸ್ಯರ ಪಟ್ಟಿ ಸಿಕ್ಕಿದೆಯೆಂದೂ ಅವನು ಹೇಳಿದ. ಆದರೆ ಕೊನೆಗೆ ಅವನು ಮುಂದಿಟ್ಟದ್ದು ಒಂದು ಸಾಧಾರಣ ಫ್ರೀಮೇಸನ್ ಲಾಡ್ಜಿನ ಹೆಸರುಗಳು. ಗದ್ದಲ ತಣ್ಣಗಾಯಿತು.

ಈ ಪಾದ್ರಿಯ ಮಗನೇ ತಂತಿ ಸಂಕೇತದ ಸ್ಯಾಮ್ಯುಯೆಲ್ ಮೋರ್ಸ್. ಅಂಚೆ ತಂತಿ ಇಲಾಖೆಯ ಮೂಲಪುರುಷನೆಂದು ನಾವು ಗೌರವಿಸುವ ಈ ಮಹಾನುಭಾವ 1835ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಆಸ್ಟ್ರಿಯದ ಚಕ್ರವರ್ತಿಯೂ ಕ್ಯಾಥೊಲಿಕ್ ಪಾದ್ರಿಗಳೂ ಸೇರಿ, ಬಡ ವಲಸೆಗಾರರನ್ನು ತುಂಬಿ ಅಮೆರಿಕದ ಸ್ವಾತಂತ್ರ್ಯವನ್ನು ಕಸಿಯುವ ಸಂಚು ನಡೆಸಿದ್ದಾರೆಂಬುದು ಅದರ ವಿಷಯ. ತಂದೆಗೆ ಧರ್ಮವೈರಿಗಳು ಸಂಚುಗಾರರಾಗಿ ಕಂಡರು, ಮಗನಿಗೆ ಧರ್ಮಗುರುಗಳೇ ಸಂಚುಗಾರರಾಗಿ ಕಂಡರು. ಕುರ್ಚಿ ಅದೇ, ಕುಳಿತವರು ಬೇರೆ. ಇದು ಬರಿಯ ಮಾತಿನಲ್ಲೇ ಮುಗಿಯುತ್ತಿದ್ದರೆ ನಕ್ಕು ಬಿಡಬಹುದಾಗಿತ್ತು. ಆದರೆ 1834ರ ಆಗಸ್ಟ್ 11ರ ರಾತ್ರಿ ಅದೇ ಚಾರ್ಲ್ಸ್‌ಟೌನಿನಲ್ಲಿ, ಇಂಥ ಮಾತುಗಳಿಂದ ಕಾದಿದ್ದ ಜನರ ಗುಂಪು ಕ್ಯಾಥೊಲಿಕ್ ಸನ್ಯಾಸಿನಿಯರ ಮಠಕ್ಕೂ ಅವರು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಗೂ ಬೆಂಕಿಯಿಟ್ಟಿತು. ಮಕ್ಕಳು ಹಿತ್ತಲ ದಾರಿಯಿಂದ ಪಾರಾದರು.

ಒಬ್ಬ ಹಾಸ್ಯಗಾರನ ಹನ್ನೆರಡು ವರ್ಷ

ಇಷ್ಟರಲ್ಲಿ ಫ್ರಾನ್ಸಿನಲ್ಲಿ ನಡೆದ ಒಂದು ತಮಾಷೆಯನ್ನೂ ಹೇಳಬೇಕು. 1884ರಲ್ಲಿ ಪೋಪ್ ಹದಿಮೂರನೆಯ ಲಿಯೋ ಫ್ರೀಮೇಸನ್ನರನ್ನು ಖಂಡಿಸಿ ಧರ್ಮಪತ್ರ ಹೊರಡಿಸಿದರು. ಮರುವರ್ಷವೇ, ಅದುವರೆಗೂ ಚರ್ಚನ್ನು ಲೇವಡಿ ಮಾಡಿ ಬದುಕುತ್ತಿದ್ದ ಲಿಯೋ ತಾಕ್ಸಿಲ್ ಎಂಬ ಬರಹಗಾರ ‘ಪಶ್ಚಾತ್ತಾಪ’ಪಟ್ಟು ಭಕ್ತನಾದ, ಫ್ರೀಮೇಸನ್ ಲಾಡ್ಜುಗಳಲ್ಲಿ ಸೈತಾನನ ಪೂಜೆ ನಡೆಯುತ್ತದೆಂದು ಪುಸ್ತಕದ ಮೇಲೆ ಪುಸ್ತಕ ಬರೆದ. ಅವನ ತಂಡದ ಇನ್ನೊಂದು ಪುಸ್ತಕ ಈ ಪೂಜೆಗಳು ನಮ್ಮ ಪುದುಚೇರಿಯಲ್ಲೂ ಕಲ್ಕತ್ತೆಯಲ್ಲೂ ನಡೆಯುವುದನ್ನು ಕಣ್ಣಾರೆ ಕಂಡಂತೆ ವರ್ಣಿಸಿತು. ಪೋಪರೇ ಅವನಿಗೆ ದರ್ಶನ ಕೊಟ್ಟರು. 1897ರ ಏಪ್ರಿಲ್ 19ರಂದು ಪ್ಯಾರಿಸ್ಸಿನ ಭೂಗೋಳ ಸಂಘದ ಸಭಾಂಗಣದಲ್ಲಿ ತಾಕ್ಸಿಲ್ ಎದ್ದು ನಿಂತು, ಹನ್ನೆರಡು ವರ್ಷ ತಾನು ಬರೆದದ್ದೆಲ್ಲ ಕುಚೇಷ್ಟೆ ಎಂದು ಒಪ್ಪಿಕೊಂಡ. ಪೊಲೀಸರು ಅವನನ್ನು ಕಾಪಾಡಿ ಹೊರಗೆ ಕರೆದೊಯ್ಯಬೇಕಾಯಿತು. ಹೇಳಿದವನೇ ಸುಳ್ಳೆಂದು ಸಾರಿದ ಆ ಸಂಗತಿಗಳನ್ನು ನಿಜವೆಂದು ಉದ್ಧರಿಸುವವರು ಇಂದಿಗೂ ಇದ್ದಾರೆ.

ನಡವಳಿ ಪುಸ್ತಕದ ಹುಟ್ಟು

ಈಗ ನಮ್ಮ ಮುಖ್ಯ ದಸ್ತಾವೇಜಿಗೆ ಬರೋಣ. ಅದರ ಹೆಸರು ‘ಸಿಯೋನಿನ ಹಿರಿಯರ ಪ್ರೋಟೋಕಾಲುಗಳು’, ಅಂದರೆ ಯೆಹೂದ್ಯ ಮುಖಂಡರ ನಡವಳಿಗಳು. ಬ್ಯಾಂಕು, ಪತ್ರಿಕೆ, ಯುದ್ಧ, ಮದ್ಯ ಎಲ್ಲವನ್ನೂ ಬಳಸಿ ರಾಷ್ಟ್ರಗಳನ್ನು ಒಡೆದು, ಕೊನೆಗೆ ಯೆಹೂದ್ಯ ರಾಜನೊಬ್ಬನನ್ನು ಲೋಕದ ಸಿಂಹಾಸನದ ಮೇಲೆ ಕೂರಿಸುವ ಯೋಜನೆ ಅದರಲ್ಲಿದೆ. ‘ಪ್ರಕಟನೆ’ಯ ಮೃಗಕ್ಕೆ ಇಲ್ಲಿ ಕೋಟು ತೊಡಿಸಿ ಬ್ಯಾಂಕಿನಲ್ಲಿ ಕೂರಿಸಿದ್ದಾರೆ, ಅಷ್ಟೇ.

ಈ ಪುಸ್ತಕಕ್ಕೆ ಸಾಮಗ್ರಿ ಬಂದದ್ದು ಎರಡು ಕಡೆಯಿಂದ. ಮೊದಲನೆಯದು ಒಂದು ಕಾದಂಬರಿ. ಹರ್ಮನ್ ಗೊಯೆಡ್‌ಷೆ ಎಂಬಾತ ಪ್ರಷ್ಯದ ಅಂಚೆ ಇಲಾಖೆಯ ನೌಕರ. ರಾಜಕಾರಣಿಯೊಬ್ಬನನ್ನು ಸಿಕ್ಕಿಸಲು ಖೋಟಾ ಪತ್ರ ತಯಾರಿಸಿ ಸಿಕ್ಕಿಬಿದ್ದು ಕೆಲಸ ಬಿಟ್ಟವನು. ಇಂಗ್ಲಿಷ್ ಹೆಸರಿನಲ್ಲಿ ಅವನು ಬರೆದ ‘ಬಿಯಾರಿಟ್ಸ್’ (1868) ಕಾದಂಬರಿಯಲ್ಲಿ, ಪ್ರಾಗ್ ನಗರದ ಯೆಹೂದ್ಯ ಸ್ಮಶಾನದಲ್ಲಿ ಹನ್ನೆರಡು ಕುಲಗಳ ಪ್ರತಿನಿಧಿಗಳು ನೂರು ವರ್ಷಕ್ಕೊಮ್ಮೆ ನಡುರಾತ್ರಿ ಸೇರುವ ದೃಶ್ಯವಿದೆ. ಕೆಲವೇ ವರ್ಷಗಳಲ್ಲಿ ಆ ಅಧ್ಯಾಯ ರಷ್ಯದಲ್ಲಿ ಬಿಡಿ ಪುಸ್ತಿಕೆಯಾಗಿ ಬಂತು. ಆಮೇಲೆ ಹನ್ನೆರಡು ಮಂದಿಯ ಮಾತನ್ನು ಒಬ್ಬನ ಭಾಷಣವಾಗಿಸಿ, ‘ಇದು ನಡೆದ ಸಂಗತಿ’ ಎಂದು ಅಚ್ಚು ಮಾಡಿದರು. ಕಾದಂಬರಿಯ ಪುಟ ಫೈಲಿನೊಳಗೆ ಸೇರಿದ್ದು ಹೀಗೆ.

ಎರಡನೆಯದು ಒಂದು ವಿಡಂಬನೆ. ಪ್ಯಾರಿಸ್ಸಿನ ವಕೀಲ ಮೋರಿಸ್ ಜೋಲಿ ಮೂರನೆಯ ನೆಪೋಲಿಯನ್ನನ ಸರ್ವಾಧಿಕಾರವನ್ನು ನೇರವಾಗಿ ಟೀಕಿಸಲಾಗದೆ, 1864ರಲ್ಲಿ ನರಕದಲ್ಲಿ ಮಾಕಿಯಾವೆಲ್ಲಿ ಮತ್ತು ಮಾಂಟೆಸ್ಕ್ಯೂ ನಡೆಸುವ ಸಂವಾದವೊಂದನ್ನು ಬರೆದ. ಬೆಲ್ಜಿಯಮ್ಮಿನಲ್ಲಿ ಅಚ್ಚಾಗಿ ಕಳ್ಳದಾರಿಯಲ್ಲಿ ಬಂದ ಪ್ರತಿಗಳನ್ನು ಪೊಲೀಸರು ಹಿಡಿದರು. ಜೋಲಿಗೆ ಹದಿನೈದು ತಿಂಗಳ ಸಜೆಯಾಯಿತು. ಯೆಹೂದ್ಯರಿಗೂ ಆ ಪುಸ್ತಕಕ್ಕೂ ಯಾವ ಸಂಬಂಧವೂ ಇಲ್ಲ. ಪ್ರಜೆಗಳನ್ನು ವಂಚಿಸುವ ಉಪಾಯಗಳನ್ನು ಅಲ್ಲಿ ಮಾಕಿಯಾವೆಲ್ಲಿ ಹೇಳುತ್ತಾನೆ. ಯಾರೋ ಆ ಮಾತುಗಳನ್ನೆತ್ತಿ ‘ಹಿರಿಯರ’ ಬಾಯಿಗೆ ತುರುಕಿದರು.

1903ರ ಆಗಸ್ಟಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಪತ್ರಿಕೆಯೊಂದರಲ್ಲಿ ಈ ಪ್ರೋಟೋಕಾಲುಗಳು ಮೊದಲು ಬೆಳಕು ಕಂಡವು. ಸಂಪಾದಕ ಕ್ರುಶೆವಾನ್. ಅದಕ್ಕೆ ನಾಲ್ಕು ತಿಂಗಳ ಹಿಂದೆ ಕಿಷಿನೇವ್ ನಗರದಲ್ಲಿ 49 ಯೆಹೂದ್ಯರ ಹತ್ಯೆಗೆ ದಾರಿ ಮಾಡಿಕೊಟ್ಟ ಪತ್ರಿಕೆಯೂ ಅವನದೇ. ಆದರೆ ಪುಸ್ತಕಕ್ಕೆ ಶಾಶ್ವತ ಆಯುಷ್ಯ ಕೊಟ್ಟವನು ಅವನಲ್ಲ, ಸೆರ್ಗೇಯ್ ನೀಲುಸ್ ಎಂಬ ಭಕ್ತ. ಮಠಗಳ ಆಸುಪಾಸಿನಲ್ಲಿ ಬಾಳಿದ ಇವನು, ಕ್ರಿಸ್ತವಿರೋಧಿಯ ಆಗಮನ ಹತ್ತಿರವಾಗಿದೆಯೆಂದು ಸಾರುವ ತನ್ನ ಭಕ್ತಿಗ್ರಂಥದ 1905ರ ಮುದ್ರಣಕ್ಕೆ ಇದನ್ನು ಅನುಬಂಧವಾಗಿ ಸೇರಿಸಿದ. ದಸ್ತಾವೇಜು ಬಂದ ದಾರಿಯ ಬಗ್ಗೆ ಅವನು ಹೇಳಿದ್ದು ಒಂದೊಂದು ಮುದ್ರಣದಲ್ಲಿ ಒಂದೊಂದು ಬಗೆ. ಮೊದಲು, ಫ್ರಾನ್ಸಿನ ದೊಡ್ಡ ಫ್ರೀಮೇಸನ್ ಒಬ್ಬನಿಂದ ಒಬ್ಬಾಕೆ ಕದ್ದು ತಂದಳೆಂದ. 1917ರ ಹೊತ್ತಿಗೆ, 1897ರ ಬಾಸೆಲ್ ಮಹಾಸಭೆಯಲ್ಲಿ ಮಂಡಿಸಿದ್ದೆಂದ. ಬಾಸೆಲ್ ಮಹಾಸಭೆ ನಡೆದದ್ದು ನಿಜ. ಆದರೆ ಅದು ಪತ್ರಕರ್ತರೂ ಕುಳಿತಿದ್ದ ಬಹಿರಂಗ ಸಭೆ. ಅದರ ನಿಜವಾದ ನಡವಳಿ ಅಚ್ಚಾಗಿ ಎಲ್ಲರಿಗೂ ಲಭ್ಯವಿತ್ತು. ಆವಕ್ ರಿಜಿಸ್ಟರಿನಲ್ಲಿ ಒಂದೇ ಕಾಗದಕ್ಕೆ ಇಂಥ ಎರಡು ನಮೂದು ಕಂಡರೆ ನಮ್ಮ ಸೆಕ್ಷನ್ ಆಫೀಸರು ಏನು ಮಾಡುತ್ತಾರೆಂದು ಹೇಳಬೇಕಾಗಿಲ್ಲ.

1909ರಲ್ಲಿ ನೀಲುಸನನ್ನು ಕಂಡ ದು ಶೈಲ ಎಂಬ ಫ್ರೆಂಚ್ ಯಾತ್ರಿಕ ಎರಡು ಸಂಗತಿಗಳನ್ನು ದಾಖಲಿಸಿದ್ದಾನೆ. ನೀಲುಸನ ಮನೆಯಲ್ಲೊಂದು ಪೆಟ್ಟಿಗೆಯಿತ್ತು. ಅದರಲ್ಲಿ ರಬ್ಬರ್ ಸಾಮಾನು, ಮನೆಬಳಕೆಯ ಪಾತ್ರೆ ಮುಂತಾದ ವಸ್ತುಗಳ ರಾಶಿ. ಎಲ್ಲದರ ಮೇಲೂ ತ್ರಿಕೋನದಂಥ ಯಾವುದೋ ಮುದ್ರೆ. ಕ್ರಿಸ್ತವಿರೋಧಿಯ ಗುರುತು ಲೋಕವನ್ನೆಲ್ಲ ವ್ಯಾಪಿಸಿದೆ ಎಂಬುದಕ್ಕೆ ಅವನು ಕೂಡಿಸಿಟ್ಟ ಸಾಕ್ಷ್ಯವಿದು. ಇನ್ನೊಂದು, ಪುಸ್ತಕ ಖೋಟಾ ಆಗಿದ್ದರೆ ಎಂದು ಕೇಳಿದಾಗ ಅವನು ಕೊಟ್ಟ ಸಮಾಧಾನ: ದೇವರು ಬೈಬಲಿನಲ್ಲಿ ಬಿಳಾಮನ ಕತ್ತೆಯ ಬಾಯಿಂದಲೂ ಸತ್ಯ ನುಡಿಸಲಿಲ್ಲವೇ, ಹಾಗೆಯೇ ಸುಳ್ಳು ಕಾಗದದಿಂದಲೂ ನುಡಿಸಬಹುದು. ಇಲ್ಲಿಗೆ ವಾದ ಮುಗಿಯಿತು. ಇಂಥ ನಂಬಿಕೆಗೆ ಪುರಾವೆಯೂ ಬೇಡ, ಖಂಡನೆಯೂ ತಗಲದು.

ನೂರು ಕೈಯ ವಿಷ್ಣು

1917ರ ರಷ್ಯದ ಕ್ರಾಂತಿಯ ನಂತರ ದೇಶಭ್ರಷ್ಟರಾದವರ ಜೊತೆಗೆ ಪುಸ್ತಕವೂ ಹೊರಟಿತು. 1920ರಲ್ಲಿ ಜರ್ಮನ್ ಭಾಷೆಗೆ, ಇಂಗ್ಲಿಷಿಗೆ ಬಂತು. ಲಂಡನ್ನಿನ ‘ಟೈಮ್ಸ್’ ಪತ್ರಿಕೆಯೇ ಆ ವರ್ಷದ ಮೇ 8ರಂದು ಇದನ್ನು ಗಂಭೀರವಾಗಿ ಪರಿಶೀಲಿಸಬೇಕೆಂದು ಬರೆಯಿತು. ಅಮೆರಿಕದಲ್ಲಿ ಮೋಟಾರು ತಯಾರಕ ಹೆನ್ರಿ ಫೋರ್ಡ್ ತನ್ನ ವಾರಪತ್ರಿಕೆಯಲ್ಲಿ ವಾರವಾರವೂ ಇದನ್ನು ಪ್ರಚಾರ ಮಾಡಿದ.

ಆದರೆ ‘ಟೈಮ್ಸ್’ ಪತ್ರಿಕೆ ತನ್ನ ತಪ್ಪನ್ನು ತಾನೇ ತಿದ್ದಿಕೊಂಡಿತು. ಅದರ ಇಸ್ತಾಂಬುಲಿನ ಬಾತ್ಮೀದಾರ ಫಿಲಿಪ್ ಗ್ರೇವ್ಸ್‌ಗೆ ರಷ್ಯನ್ ನಿರಾಶ್ರಿತನೊಬ್ಬ ಮುಖಪುಟ ಹರಿದ ಹಳೆಯ ಫ್ರೆಂಚ್ ಪುಸ್ತಕವೊಂದನ್ನು ತಂದುಕೊಟ್ಟ. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಪ್ರತಿಯೊಡನೆ ಹೋಲಿಸಿದಾಗ ಅದು ಜೋಲಿಯ ಸಂವಾದವೆಂದು ಗೊತ್ತಾಯಿತು. 1921ರ ಆಗಸ್ಟ್ 16, 17, 18ರಂದು ಗ್ರೇವ್ಸ್ ಎರಡೂ ಪುಸ್ತಕಗಳ ಮಾತುಗಳನ್ನು ಅಕ್ಕಪಕ್ಕದಲ್ಲಿಟ್ಟು ಅಚ್ಚು ಹಾಕಿಸಿದ. ಮುಂದೆ ವಿದ್ವಾಂಸರು ಎಣಿಸಿದಂತೆ 160ಕ್ಕೂ ಹೆಚ್ಚು ಭಾಗಗಳು, ಅಂದರೆ ಪುಸ್ತಕದ ಐದರಲ್ಲಿ ಎರಡು ಪಾಲು, ಜೋಲಿಯಿಂದ ನಕಲಾದವು.

ಇವುಗಳಲ್ಲಿ ಒಂದು ನಮ್ಮಂಥವರ ಕಣ್ಣಿಗೆ ಥಟ್ಟನೆ ಬೀಳುವಂಥದು. ಪತ್ರಿಕೆಗಳನ್ನು ಕೈವಶ ಮಾಡಿಕೊಳ್ಳುವ ಪ್ರಸಂಗದಲ್ಲಿ ಜೋಲಿಯ ಮಾಕಿಯಾವೆಲ್ಲಿ ತನ್ನ ಪತ್ರಿಕೆಗಳನ್ನು ನೂರು ಕೈಯುಳ್ಳ ವಿಷ್ಣುವಿಗೆ ಹೋಲಿಸುತ್ತಾನೆ. ಪ್ರೋಟೋಕಾಲುಗಳಲ್ಲಿಯೂ ಅದೇ ಪ್ರಸಂಗದಲ್ಲಿ ಅದೇ ನೂರು ಕೈಯ ವಿಷ್ಣು! ನಮ್ಮ ವಿಷ್ಣು ಚತುರ್ಭುಜ, ವಿಶ್ವರೂಪವೆಂದರೆ ಸಹಸ್ರಬಾಹು. ನೂರರ ಲೆಕ್ಕ ನಮ್ಮ ಮನೆಗಳ ಯಾವ ಪಟದಲ್ಲೂ ಕಾಣದು. ಅದು ಪ್ಯಾರಿಸ್ಸಿನ ವಕೀಲನೊಬ್ಬನ ಅಂದಾಜು. ವಿಗ್ರಹಾರಾಧನೆಯನ್ನೇ ನಿಷೇಧಿಸಿದ ಯೆಹೂದ್ಯರ ಹಿರಿಯರು ತಮ್ಮ ಪರಮ ರಹಸ್ಯ ಸಭೆಯಲ್ಲಿ ವಿಷ್ಣುವನ್ನು ನೆನೆದು, ಅವನ ಕೈಗಳನ್ನು ಜೋಲಿಯಷ್ಟೇ ತಪ್ಪಾಗಿ ಎಣಿಸಿದರೆಂದು ನಂಬಬೇಕೇ? ಒಬ್ಬನ ಉತ್ತರಪತ್ರಿಕೆಯಲ್ಲಿರುವ ಸರಿಯುತ್ತರ ಇನ್ನೊಬ್ಬನಲ್ಲೂ ಇದ್ದರೆ ಸಂಶಯಪಡಬೇಕಾಗಿಲ್ಲ. ಒಂದೇ ವಿಲಕ್ಷಣ ತಪ್ಪು ಇಬ್ಬರಲ್ಲೂ ಇದ್ದರೆ ನಕಲೆಂದು ಶಾಲೆಯ ಮೇಷ್ಟರೂ ಹೇಳಿಯಾರು.

ಪುರಾವೆ ಏಕೆ ಸಾಲಲಿಲ್ಲ?

ಇಷ್ಟು ಸ್ಪಷ್ಟವಾಗಿ ಬಯಲಾದ ಮೇಲೆ ಪುಸ್ತಕ ಸಾಯಬೇಕಿತ್ತು. 1922ರ ಜೂನ್ 24ರಂದು ಜರ್ಮನಿಯ ವಿದೇಶಾಂಗ ಸಚಿವ ವಾಲ್ಟರ್ ರಾಟೆನೌ ಬರ್ಲಿನ್ನಿನ ರಸ್ತೆಯಲ್ಲಿ ಕೊಲೆಯಾದರು. ಯುರೋಪಿನ ಆರ್ಥಿಕ ಹಣೆಬರಹ ಒಬ್ಬರನ್ನೊಬ್ಬರು ಬಲ್ಲ ಮುನ್ನೂರು ಜನರ ಕೈಯಲ್ಲಿದೆಯೆಂದು ಅವರು 1909ರಲ್ಲಿ ವ್ಯಾಪಾರಸ್ಥರ ಒಳಗುಂಪನ್ನು ಆಕ್ಷೇಪಿಸಿ ಬರೆದಿದ್ದರು. ರಾಟೆನೌ ಯೆಹೂದ್ಯರು. ಆ ಮುನ್ನೂರು ಹಿರಿಯರಲ್ಲಿ ತಾನೂ ಒಬ್ಬನೆಂದು ಅವರೇ ಒಪ್ಪಿಕೊಂಡಿದ್ದಾರೆಂದು ಕೊಲೆಗಾರರ ಜೊತೆಗಾರನೊಬ್ಬ ನ್ಯಾಯಾಲಯದಲ್ಲಿ ಹೇಳಿದ. 1927ರಲ್ಲಿ ಫೋರ್ಡ್ ಬಹಿರಂಗ ಕ್ಷಮೆ ಕೇಳಿದ. 1935ರ ಮೇ 14ರಂದು ಸ್ವಿಟ್ಸರ್ಲೆಂಡಿನ ಬರ್ನ್ ನಗರದ ನ್ಯಾಯಾಲಯ ಸಾಕ್ಷಿಗಳನ್ನೆಲ್ಲ ಕೇಳಿ ಇದು ಖೋಟಾ, ಕೃತಿಚೌರ್ಯ ಎಂದು ತೀರ್ಪಿತ್ತಿತು. 1937ರಲ್ಲಿ ಮೇಲಿನ ನ್ಯಾಯಾಲಯ ಕಾನೂನಿನ ಒಂದು ತಾಂತ್ರಿಕ ಅಂಶದ ಮೇಲೆ ಶಿಕ್ಷೆಯನ್ನು ರದ್ದುಪಡಿಸಿತೇ ವಿನಾ ಪುಸ್ತಕವನ್ನು ಸತ್ಯವೆನ್ನಲಿಲ್ಲ. 1935ರ ತೀರ್ಪಿನ ಹೊತ್ತಿಗೇ ಜರ್ಮನಿಯ ಅಧಿಕಾರ ಹಿಟ್ಲರನ ಕೈಗೆ ಬಂದು ಎರಡು ವರ್ಷವಾಗಿತ್ತು. ಪತ್ರಿಕೆಗಳು ಇದನ್ನು ಸುಳ್ಳೆಂದು ಕೂಗುವುದೇ ಇದು ನಿಜವೆಂಬುದಕ್ಕೆ ಉತ್ತಮ ಪುರಾವೆ ಎಂಬರ್ಥದಲ್ಲಿ ಅವನು ತನ್ನ ಪುಸ್ತಕದಲ್ಲಿ ಆಗಲೇ ಬರೆದಿದ್ದ. ನಮ್ಮ ಸ್ನೇಹಿತರ ಉತ್ತರಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ವಾಚಕರು ಗಮನಿಸಬೇಕು. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 60 ಲಕ್ಷ ಯೆಹೂದ್ಯರ ಹತ್ಯೆಯಾಯಿತು. ಅದಕ್ಕೆ ಕಾರಣ ಒಂದು ಪುಸ್ತಕವಷ್ಟೇ ಅಲ್ಲ. ಆದರೆ ಕೊಲ್ಲುವುದು ಆತ್ಮರಕ್ಷಣೆಯೆಂದು ಕೊಲ್ಲುವವನಿಗೆ ಹೇಳಿಕೊಟ್ಟ ಪಾಠಗಳಲ್ಲಿ ಇದೂ ಒಂದು.

ಅಮೆರಿಕದ ಕೆಲವು ಪಂಥಗಳಲ್ಲಿ ‘ಪ್ರಕಟನೆ’ಯ ಮೃಗ 1920ರಲ್ಲಿ ಹುಟ್ಟಿದ ರಾಷ್ಟ್ರಸಂಘದಲ್ಲಿಯೂ, 1945ರ ನಂತರ ವಿಶ್ವಸಂಸ್ಥೆಯಲ್ಲಿಯೂ ಕಾಣಿಸಿಕೊಂಡಿತು. 1974ರಲ್ಲಿ ಅಂಗಡಿಯ ಸಾಮಾನಿನ ಮೇಲೆ ಬಾರ್‌ಕೋಡ್ ಬಂದಾಗ ಅದರ ಗೀಟುಗಳಲ್ಲಿ 666 ಕಂಡವರಿದ್ದರು. ನೀಲುಸನ ಪೆಟ್ಟಿಗೆಯ ತ್ರಿಕೋನಗಳಿಗೂ ಇದಕ್ಕೂ ಏನು ಭೇದ? 1988ರಲ್ಲಿ ಹಮಾಸ್ ಸಂಘಟನೆ ತನ್ನ ಸನ್ನದಿನ 32ನೆಯ ವಿಧಿಯಲ್ಲಿ ಪ್ರೋಟೋಕಾಲುಗಳನ್ನೇ ಉಲ್ಲೇಖಿಸಿತು. ಧರ್ಮ ಯಾವುದಾದರೂ ಆಗಲಿ, ಭೀತಿಗೆ ಬೇಕಾದ ಗ್ರಂಥ ಒಂದೇ ಎಂಬಂತಾಯಿತು.

ಇದನ್ನೆಲ್ಲ ಬರೆದು ಧರ್ಮವನ್ನು ದೂರುವುದು ನಮ್ಮ ಉದ್ದೇಶವಲ್ಲ. ಈ ಕಥೆಗಳಿಗೆ ಬಲಿಯಾದವರಲ್ಲಿ ಜೆಸ್ಯೂಟರಿದ್ದಾರೆ, ಸನ್ಯಾಸಿನಿಯರಿದ್ದಾರೆ, ಎಲ್ಲರಿಗಿಂತ ಹೆಚ್ಚಾಗಿ ಯೆಹೂದ್ಯರಿದ್ದಾರೆ, ಎಲ್ಲರೂ ದೈವಭಕ್ತರೇ. ಲೋಕದಲ್ಲಿ ಕೆಡುಕಿದೆ, ಅದಕ್ಕೆ ಒಂದು ಕೊನೆಯಿದೆ ಎಂದು ಧರ್ಮ ಹೇಳುತ್ತದೆ. ಆ ಕೆಡುಕಿಗೆ ನೆರೆಯವನ ವಿಳಾಸ ಬರೆದು ಅಂಟಿಸುವವರು ಮನುಷ್ಯರು. ಗುಟ್ಟಾದ ಕೂಟಗಳು, ಹಣವಂತರ ಒಳಒಪ್ಪಂದಗಳು ಲೋಕದಲ್ಲಿ ಇಲ್ಲವೆಂದೂ ನಾವು ಹೇಳುವುದಿಲ್ಲ. ಇರುವ ಕೂಟಗಳು ಇಂದಲ್ಲ ನಾಳೆ ಸಿಕ್ಕಿಬೀಳುತ್ತವೆ. ಅವಕ್ಕೆ ಹೆಸರಿರುತ್ತದೆ, ತಾರೀಖಿರುತ್ತದೆ, ಚೆಕ್ ನಂಬರಿರುತ್ತದೆ. ಐದು ಜನರಿಂದ ಆರಂಭವಾದ ಇಲ್ಯುಮಿನಾಟಿಗೇ ಹತ್ತು ವರ್ಷ ಗುಟ್ಟು ಕಾಯಲಾಗಲಿಲ್ಲ.

ನಮ್ಮ ಮುಂಬಯಿಯ ಮಾತು

ಮುಂಬಯಿಯಲ್ಲಿ ನೆಲಸಿದ ನಮಗೆ ಯೆಹೂದ್ಯರು ದೂರದವರಲ್ಲ. ಕೊಂಕಣದ ಬೆನೆ ಇಸ್ರೇಲ್ ಜನರು ಎಣ್ಣೆ ಗಾಣ ನಡೆಸುತ್ತಿದ್ದವರು. ಶನಿವಾರ ಗಾಣ ನಿಲ್ಲಿಸಿ ವಿಶ್ರಮಿಸುತ್ತಿದ್ದುದರಿಂದ ಊರವರು ಅವರನ್ನು ‘ಶನಿವಾರ ತೇಲಿ’ ಎಂದರು. ಶತಮಾನಗಳ ಕಾಲ ಮರಾಠಿ ಮಾತಾಡಿಕೊಂಡು, ಯಾರ ದ್ವೇಷಕ್ಕೂ ಗುರಿಯಾಗದೆ ಬಾಳಿದರು. ಅವರ ಒಂದು ದಿನದ ವಿಶ್ರಾಂತಿ ಇಲ್ಲಿ ಒಂದು ಅಡ್ಡಹೆಸರಾಯಿತು. ಯುರೋಪಿನಲ್ಲಾದರೋ ಇಂಥದೇ ಭಿನ್ನತೆ ಲೋಕವನ್ನಾಳುವ ಸಂಚಿನ ಗುರುತಾಯಿತು.

ಇದರಿಂದ ನಾವು ಬೀಗುವಂತಿಲ್ಲ. 1960ರ ದಶಕದ ಮಧ್ಯದಲ್ಲಿ ಇದೇ ಮುಂಬಯಿಯ ವಾರಪತ್ರಿಕೆಯೊಂದು ಕಂಪನಿಗಳ, ಕಚೇರಿಗಳ ಅಧಿಕಾರಿಗಳ ಹೆಸರಿನ ಪಟ್ಟಿಗಳನ್ನು ಅಚ್ಚು ಹಾಕುತ್ತಿತ್ತು. ಅವು ದಕ್ಷಿಣದವರ ಹೆಸರುಗಳು. ಕನ್ನಡಿಗ, ತಮಿಳ, ಮಲಯಾಳಿ ಎಲ್ಲರೂ ಸೇರಿ ಒಬ್ಬರಿಗೊಬ್ಬರು ಕೆಲಸ ಕೊಡಿಸಿಕೊಂಡು ಊರನ್ನೇ ಕೈಗೆ ತೆಗೆದುಕೊಳ್ಳುತ್ತಿದ್ದಾರೆಂಬ ಭಾವ ಹಬ್ಬಿತು. ಉಡುಪಿ ಹೋಟೆಲುಗಳ ಗಾಜು ಒಡೆಯಿತು. ಕೆಲಸ ಸಿಗದ ಸ್ಥಳೀಯ ತರುಣನ ಸಂಕಟ ನಿಜವಾದದ್ದು. ಅದಕ್ಕೆ ಸಿಕ್ಕಿದ ಉತ್ತರ ಸುಳ್ಳಾಗಿತ್ತು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಇಡ್ಲಿ ಹಿಟ್ಟು ಹೊಯ್ಯುತ್ತಿದ್ದ ಕುಂದಾಪುರದ ಹುಡುಗನಿಗೆ ಯಾವ ರಹಸ್ಯ ಸಭೆಯ ಆಹ್ವಾನವೂ ಬಂದಿರಲಿಲ್ಲ. ಆ ದಿನಗಳನ್ನು ಕಂಡ ಹಿರಿಯರು ನಮ್ಮ ಸಂಘದಲ್ಲಿ ಈಗಲೂ ಇದ್ದಾರೆ. ಪಟ್ಟಿಯಲ್ಲಿ ಹೆಸರು ಬರುವುದೆಂದರೇನೆಂದು ಅವರನ್ನು ಕೇಳಬೇಕು.

ಹೆಸರು ಬಂದವರ ಮಕ್ಕಳು ಮೊಮ್ಮಕ್ಕಳು ನಾವು. ಆದರೂ ಸಂಘದ ಸಭಾಭವನದ ಮೆಟ್ಟಿಲ ಮೇಲೆ ಕಾಫಿ ಹಿಡಿದು ನಿಂತಾಗ ಇನ್ನೊಂದು ಜನದ ಬಗ್ಗೆ, ‘ಅವರೆಲ್ಲ ಒಳಗೊಳಗೇ ಒಂದು’ ಎಂದು ನಾವೂ ಆಡಿದ್ದುಂಟು. ಇನ್ನು ಮುಂದೆ ಅಂಥ ಮಾತು ನಾಲಗೆಯ ತುದಿಗೆ ಬಂದಾಗ, ಅಥವಾ ಅಂಥ ಸಂದೇಶವನ್ನು ಮುಂದಕ್ಕೆ ಕಳಿಸಲು ಬೆರಳು ಎದ್ದಾಗ, ಕಚೇರಿಯಲ್ಲಿ ದಿನವೂ ಕೇಳುವ ನಾಲ್ಕು ಪ್ರಶ್ನೆಗಳನ್ನು ಅಲ್ಲಿಯೂ ಕೇಳೋಣ: ಸಭೆ ಎಂದು ನಡೆಯಿತು? ಎಲ್ಲಿ ನಡೆಯಿತು? ಯಾರು ಹಾಜರಿದ್ದರು? ಸಹಿ ಯಾರದು? ಉತ್ತರವಿಲ್ಲದಿದ್ದರೆ ಆ ಕಾಗದವನ್ನು ಮುಂದಿನ ಮೇಜಿಗೆ ಕಳಿಸದೆ ಅಲ್ಲಿಯೇ ನಿಲ್ಲಿಸೋಣ. ಗುಮಾಸ್ತನ ಕೈಯಲ್ಲಿ ಇರುವ ಅಧಿಕಾರ ಅಷ್ಟೇ. ಆದರೆ ಅದು ಕಡಿಮೆಯದಲ್ಲ.